ಎಲೆ, ಹೂವು, ಅಂಟು

ಶುಕ್ರವಾರ ರಾತ್ರಿ ಎಂಟರ ಮೇಲೆ ಮಜ್ನು ಕಾ ಟೀಲಾದ ರಸ್ತೆ ಬದಿಯಲ್ಲಿ ನಿಂತರೆ ಗುರುಗ್ರಾಮ, ನೋಯ್ಡಾಗಳ ಐಟಿ ಪಾರ್ಕುಗಳೇ ಎದ್ದು ಬಂದ ಹಾಗೆ ಕಾಣುತ್ತದೆ. ಬೆನ್ನಿಗೆ ಬ್ಯಾಗು, ಕೆಲವರ ಕೊರಳಲ್ಲಿ ಇನ್ನೂ ತೆಗೆಯದ ಆಫೀಸಿನ ಐಡಿ ಕಾರ್ಡು. ಕುಲ್ಲು, ಕಸೋಲ್, ಮನಾಲಿ ಕಡೆಯ ವೋಲ್ವೋ ಬಸ್ಸುಗಳು ಒಂದರ ಹಿಂದೆ ಒಂದು ಹೊರಡುತ್ತಿರುತ್ತವೆ. ಆ ಗುಂಪಿನಲ್ಲಿ ಒಂದಾದರೂ ಕನ್ನಡದ ದನಿ ಕೇಳದ ಶುಕ್ರವಾರ ಅಪರೂಪ. ದಾವಣಗೆರೆ, ಹಾಸನ, ಬೀದರ್‌ಗಳಿಂದ ಬಂದು ಇಲ್ಲಿ ಪೀಜಿಗಳಲ್ಲಿರುವ ನಮ್ಮ ಹುಡುಗ ಹುಡುಗಿಯರು. ವಾರವಿಡೀ ಸ್ಕ್ರೀನ್ ನೋಡಿ ದಣಿದ ಕಣ್ಣಿಗೆ ಒಂದಿಷ್ಟು ಹಿಮ, ಒಂದಿಷ್ಟು ದೇವದಾರು ಬೇಕು. ಅದರಲ್ಲಿ ತಪ್ಪೇನಿಲ್ಲ.

ಈ ತಿಂಗಳ ಅಂಕಣ ಅವರಿಗಾಗಿ. ಊರಿನಿಂದ ವಾರಕ್ಕೊಮ್ಮೆ ಫೋನು ಮಾಡಿ 'ಊಟ ಆಯ್ತಾ' ಎಂದು ಕೇಳಿ, ಮಿಕ್ಕದ್ದನ್ನು ಕೇಳಲು ಹಿಂಜರಿಯುವ ಅವರ ಅಪ್ಪ ಅಮ್ಮಂದಿರಿಗಾಗಿ ಕೂಡ.

ನಮ್ಮ ಟೀಮಿನಲ್ಲಿ ಹಾಸನದ ಕಡೆಯ ಹುಡುಗನೊಬ್ಬನಿದ್ದಾನೆ. ಕೋಡಿಂಗಿನಲ್ಲಿ ಚುರುಕು, ಮಾತಿನಲ್ಲಿ ಇನ್ನೂ ಚುರುಕು. ಒಂದು ದಿನ ಊಟದ ಟೇಬಲ್ಲಿನಲ್ಲಿ ಸುತ್ತ ಯಾರೂ ಇಲ್ಲದ್ದು ನೋಡಿಕೊಂಡು ಕೇಳಿದ: "ಸಾರ್, ಹೋಳಿ ಬಂದ್ರೆ ಯುಪಿಲಿ ಬೋರ್ಡ್ ಹಾಕ್ಕೊಂಡು ಭಾಂಗ್ ಮಾರ್ತಾರೆ. ಸರ್ಕಾರನೇ ಲೈಸೆನ್ಸ್ ಕೊಡುತ್ತೆ. ಅದೇ ಗಿಡದ ಎಣ್ಣೆ ಜೇಬಲ್ಲಿದ್ರೆ ಜೈಲು ಅಂತಾರೆ. ಇದ್ಯಾವ ಲಾಜಿಕ್ಕು ಸಾರ್?"

ಅವನ ರೂಮ್‌ಮೇಟ್ ಕಸೋಲಿನಿಂದ ಬರುವಾಗ ಬೆರಳುದ್ದದ ಒಂದು ವೇಪ್ ಕಾರ್ಟ್ರಿಡ್ಜ್ ತಂದಿದ್ದನಂತೆ. ಕೊಟ್ಟವನು 'ಆರ್ಗಾನಿಕ್ ಆಯಿಲ್, ಗಿಡಮೂಲಿಕೆ' ಎಂದಿದ್ದನಂತೆ. ಗಿಡಮೂಲಿಕೆ ಎಂಬ ಪದಕ್ಕೆ ನಮ್ಮಲ್ಲಿ ಎಷ್ಟು ಬೇಗ ಬಾಗಿಲು ತೆರೆಯುತ್ತದೆ ನೋಡಿ. ಹುಡುಗನ ಪ್ರಶ್ನೆ ಮಾತ್ರ ಸರಿಯಾದದ್ದೇ. ಅದಕ್ಕೆ ಉತ್ತರ ಕೊಡಬೇಕಾದರೆ ಮೊದಲು ಗಿಡವನ್ನು ನೋಡಬೇಕು, ಆಮೇಲೆ ಕಾನೂನನ್ನು.

ನಮ್ಮ ಹಳ್ಳಿಗಳಲ್ಲಿ ಭಂಗಿ ಎಂದೇ ಹೆಸರಿರುವ ಈ ಗಿಡದಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಹೆಣ್ಣು ಗಿಡದ ಹೂಗೊಂಚಲಿನ ಮೇಲೆ ಕಣ್ಣಿಗೆ ಇಬ್ಬನಿಯಂತೆ ಕಾಣುವ ಸಣ್ಣ ಸಣ್ಣ ಕೂದಲುಗಳಿರುತ್ತವೆ. ಭೂತಗನ್ನಡಿ ಹಿಡಿದರೆ ಒಂದೊಂದೂ ತಲೆಯ ಮೇಲೆ ಗಾಜಿನ ಗುಂಡು ಹೊತ್ತ ಗುಂಡುಸೂಜಿಯಂತೆ ಕಾಣುತ್ತದೆ. ಆ ಗುಂಡಿನೊಳಗೆ ಅಂಟು ಅಂಟಾದ ರಾಳ. ನಶೆ ಬರಿಸುವ ಟಿಎಚ್‌ಸಿ, ನಶೆ ಬರಿಸದ ಸಿಬಿಡಿ, ಘಾಟು ವಾಸನೆಯ ಎಣ್ಣೆಗಳು ಎಲ್ಲವೂ ಬಹುಪಾಲು ಅಲ್ಲೇ ಇರುತ್ತವೆ. ಎಲೆಯಲ್ಲಿ ಕಡಿಮೆ, ಬೀಜದಲ್ಲಿ ಇಲ್ಲವೆನ್ನುವಷ್ಟು ಕಡಿಮೆ, ಕಾಂಡದಲ್ಲಿ ಬರೀ ನಾರು.

ಈಗ ಹಲಸಿನ ಹಣ್ಣು ಬಿಡಿಸುವುದನ್ನು ನೆನಪಿಸಿಕೊಳ್ಳಿ. ಕೈಗೆ ಅಂಟಿದ ಮೇಣ ನೀರಿಗೆ ಜಗ್ಗುವುದಿಲ್ಲ. ಅಜ್ಜಿ ಮೊದಲೇ ಕೈಗೆ, ಚಾಕುವಿಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಕೂರುತ್ತಿದ್ದಳು. ಈ ರಾಳದ ಸ್ವಭಾವವೂ ಅದೇ: ನೀರಿನಲ್ಲಿ ಕರಗದು, ಜಿಡ್ಡಿನಲ್ಲಿ ಕರಗುತ್ತದೆ. ಭಾಂಗಿನ ಠಂಡಾಯಿಗೆ ಹಾಲು, ಬಾದಾಮಿ ಹಾಕುವುದು ಬರೀ ರುಚಿಗಲ್ಲ. ಮೈಯೊಳಗೆ ಹೋದ ಮೇಲೂ ಅದು ಕೊಬ್ಬಿನಲ್ಲೇ ಸೇರಿಕೊಳ್ಳುತ್ತದೆ. ದಿನವೂ ಸೇದುವವರ ಮೂತ್ರದಲ್ಲಿ ಬಿಟ್ಟು ವಾರಗಳಾದ ಮೇಲೂ ಕುರುಹು ಸಿಗುವುದು ಇದೇ ಕಾರಣಕ್ಕೆ. ಕೆಲಸಕ್ಕೆ ಸೇರುವ ಮುಂಚೆ ಡ್ರಗ್ ಟೆಸ್ಟ್ ಮಾಡಿಸುವ ಕಂಪನಿಗಳ ಬಾಗಿಲಲ್ಲಿ 'ಹೋದ ತಿಂಗಳು ಒಮ್ಮೆ ಅಷ್ಟೇ' ಎಂಬ ಮಾತಿಗೆ ಬೆಲೆ ಇರುವುದಿಲ್ಲ.

ಹಾಗಾಗಿ ಶತಮಾನಗಳಿಂದ ಈ ಗಿಡದಿಂದ ಮೂರು ಪದಾರ್ಥಗಳು ಬಂದಿವೆ. ಎಲೆ ಅರೆದರೆ ಭಾಂಗ್. ಹೆಣ್ಣು ಹೂಗೊಂಚಲು ಒಣಗಿಸಿದರೆ ಗಾಂಜಾ. ಗಿಡದಿಂದ ಅಂಟನ್ನಷ್ಟೇ ಬೇರೆ ಮಾಡಿದರೆ ಚರಸ್. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಮೊದಲೆರಡು ಕಾಫಿಪುಡಿ, ಮೂರನೆಯದು ಡಿಕಾಕ್ಷನ್.

ಅಂಟನ್ನು ಬೇರೆ ಮಾಡುವ ಹಳೆಯ ದಾರಿಗಳು ಎರಡು. ಕುಲ್ಲು ಜಿಲ್ಲೆಯ ಪಾರ್ವತಿ ಕಣಿವೆಯ ಮಲಾಣಾ ಊರಿನ ಹೆಸರು ಎಲ್ಲರೂ ಕೇಳಿರುತ್ತೀರಿ. ಜಮ್ಲು ದೇವರ ಊರು, ಕಣಾಶಿ ಎಂಬ ತನ್ನದೇ ಭಾಷೆಯ ಊರು. ಅಲ್ಲಿ ಹಸಿ ಗಿಡದ ಹೂಗೊಂಚಲನ್ನು ಎರಡು ಅಂಗೈ ನಡುವೆ ಉಜ್ಜುತ್ತಾರೆ. ಹಲಸಿನ ಮೇಣ ಅಂಟಿದ ಹಾಗೆ ಅಂಗೈಗೆ ಅಂಟಿದ್ದೇ ಚರಸ್. ದಿನವಿಡೀ ಉಜ್ಜಿದರೂ ಕೈಗೆ ಬರುವುದು ಕೆಲವೇ ಗ್ರಾಂ. ಎರಡನೆಯ ದಾರಿ ಮಧ್ಯ ಏಷ್ಯಾ, ಅಫ್ಘಾನಿಸ್ತಾನ, ಲೆಬನಾನ್‌ಗಳದ್ದು. ಅಲ್ಲಿ ಗಿಡವನ್ನು ಒಣಗಿಸಿ ಜರಡಿ ಹಿಡಿಯುತ್ತಾರೆ. ಉದುರಿದ ಪುಡಿಯನ್ನು ಒತ್ತಿ ಗಟ್ಟಿ ಮಾಡಿದರೆ ಹಶೀಶ್. 1964ರಲ್ಲಿ ಇಸ್ರೇಲಿನ ರಾಫೆಲ್ ಮೆಶೂಲಮ್ ಮತ್ತು ಯೆಹಿಯೆಲ್ ಗಾವೊನಿ ಟಿಎಚ್‌ಸಿಯನ್ನು ಶುದ್ಧವಾಗಿ ಬೇರ್ಪಡಿಸಿ ಅದರ ರಚನೆ ಹೇಳಿದ್ದು ಇಂಥ ಹಶೀಶಿನಿಂದಲೇ. ಪೊಲೀಸರು ವಶಪಡಿಸಿಕೊಂಡಿದ್ದ ಮಾಲು ಪ್ರಯೋಗಾಲಯಕ್ಕೆ ಬಂದಿತ್ತು.

ಕುಲ್ಲುವಿಗೂ ಚರಸ್ಸಿಗೂ ಇರುವ ನಂಟು ಇಸ್ರೇಲಿ ಪ್ರವಾಸಿಗಳು ಬಂದ ಮೇಲೆ ಹುಟ್ಟಿದ್ದು ಎಂದು ಹಲವರು ತಿಳಿದಿದ್ದಾರೆ. ಅದಕ್ಕಿಂತ ಬಹಳ ಹಿಂದೆ ಯಾರ್ಕಂದ್‌ನಿಂದ ಕಾರಾಕೋರಂ ಕಣಿವೆ ದಾಟಿ, ಲೇಹ್ ಮುಟ್ಟಿ, ಕುಲ್ಲು ಹಾದು ಪಂಜಾಬಿನ ಹೋಶಿಯಾರ್‌ಪುರಕ್ಕೆ ಚರಸ್ಸಿನ ಮೂಟೆಗಳು ಬರುತ್ತಿದ್ದವು. ಕಳ್ಳಮಾಲಲ್ಲ, ತೆರಿಗೆ ಕಟ್ಟಿದ ಮಾಲು. ಸರ್ಕಾರಿ ಗೋದಾಮಿನಲ್ಲಿ ತೂಗಿ, ಮುದ್ರೆ ಒತ್ತಿ ಬಿಡುತ್ತಿದ್ದರು. ಹತ್ತೊಂಬತ್ತನೇ ಶತಮಾನದ ಕೊನೆಗೆ ನಮ್ಮ ಈ ದೆಹಲಿಯೂ ಪಂಜಾಬ್ ಪ್ರಾಂತ್ಯದ್ದೇ ಒಂದು ಭಾಗ. 1930ರ ದಶಕದಲ್ಲಿ ಆ ವ್ಯಾಪಾರ ನಿಂತಿತು.

ಬ್ರಿಟಿಷ್ ಸರ್ಕಾರ 1893ರಲ್ಲಿ ಇಂಡಿಯನ್ ಹೆಂಪ್ ಡ್ರಗ್ಸ್ ಕಮಿಷನ್ ಎಂಬ ಆಯೋಗವನ್ನೇ ನೇಮಿಸಿತು. ಮ್ಯಾಕ್‌ವರ್ತ್ ಯಂಗ್ ಅದರ ಅಧ್ಯಕ್ಷ. ಸಾವಿರಕ್ಕೂ ಹೆಚ್ಚು ಸಾಕ್ಷಿಗಳನ್ನು ಕೇಳಿ 1894ರಲ್ಲಿ ವರದಿ ಕೊಟ್ಟರು. ಹಿತಮಿತವಾಗಿ ಸೇವಿಸುವವರಿಗೆ ಹೇಳಿಕೊಳ್ಳುವಂಥ ಹಾನಿ ಇಲ್ಲ, ಅತಿಯಾದರೆ ಹಾನಿ ಇದೆ, ಪೂರ್ತಿ ನಿಷೇಧ ಬೇಡ, ಪರವಾನಗಿ ಮತ್ತು ತೆರಿಗೆಯಿಂದ ಹತೋಟಿಯಲ್ಲಿಡಿ ಎಂಬುದು ಅದರ ಸಾರ. ಗಾಂಜಾ ಪರ ವಾದಿಸುವವರೆಲ್ಲ ಇವತ್ತಿಗೂ ಈ ವರದಿಯನ್ನು ಎತ್ತಿ ಹಿಡಿಯುತ್ತಾರೆ. ಎತ್ತಿ ಹಿಡಿಯುವಾಗ ಒಂದು ಮಾತು ಮರೆಯುತ್ತಾರೆ. ಆಯೋಗ ನೋಡಿದ್ದು ಅರೆದ ಎಲೆ, ಚಿಲುಮೆಯ ಹೂವು, ಜರಡಿ ಹಿಡಿದ ಅಂಟು. ಇವತ್ತಿನ ಕಾರ್ಟ್ರಿಡ್ಜ್ ಅವರ ಕಲ್ಪನೆಯಲ್ಲೂ ಇರಲಿಲ್ಲ.

ಸ್ವತಂತ್ರ ಭಾರತದ ಕಾನೂನಿಗೆ ಬರೋಣ. 1961ರ ವಿಶ್ವಸಂಸ್ಥೆಯ ಮಾದಕವಸ್ತು ಒಪ್ಪಂದದಲ್ಲಿ 'ಕ್ಯಾನಬಿಸ್' ಎಂದರೆ ಹೂ ಅಥವಾ ಕಾಯಿಬಿಟ್ಟ ತುದಿ ಎಂದು ಬರೆದರು. ತುದಿಯಿಲ್ಲದ ಬರೀ ಎಲೆಯನ್ನೂ ಬೀಜವನ್ನೂ ಹೊರಗಿಟ್ಟರು. ನಮ್ಮ ಎನ್‌ಡಿಪಿಎಸ್ ಕಾಯ್ದೆ ಜಾರಿಗೆ ಬಂದದ್ದು 1985ರ ನವೆಂಬರ್ 14ರಂದು. ಅದರ 2ನೇ ಕಲಮಿನ ವ್ಯಾಖ್ಯೆಯೂ ಅದೇ ಜಾಡಿನಲ್ಲಿದೆ. ಒಂದು, ಚರಸ್: ಗಿಡದಿಂದ ಬೇರ್ಪಡಿಸಿದ ರಾಳ, ಕಚ್ಚಾ ಇರಲಿ ಶುದ್ಧಗೊಳಿಸಿದ್ದಿರಲಿ, ಹಶೀಶ್ ಎಣ್ಣೆ ಮತ್ತು ಅದರ ಸಾರೀಕೃತ ರೂಪಗಳೂ ಇದರೊಳಗೇ ಸೇರಿವೆ. ಎರಡು, ಗಾಂಜಾ: ಹೂ ಅಥವಾ ಕಾಯಿಬಿಟ್ಟ ತುದಿ. ಮೂರು, ಈ ಎರಡರ ಯಾವುದೇ ಮಿಶ್ರಣ ಅಥವಾ ಇವುಗಳಿಂದ ಮಾಡಿದ ಪಾನೀಯ.

ನಾವು ಕೋಡ್ ಬರೆಯುವವರು ಇಂಥ ವ್ಯಾಖ್ಯೆಯನ್ನು ಓದುವ ರೀತಿ ಬೇರೆ. ಪಟ್ಟಿಯಲ್ಲಿ ಏನಿದೆ ಎಂಬಷ್ಟೇ ಏನಿಲ್ಲ ಎಂಬುದನ್ನೂ ನೋಡುತ್ತೇವೆ. ಎಲೆ ಪಟ್ಟಿಯಲ್ಲಿಲ್ಲ. ಹಾಗಾಗಿ ಭಾಂಗ್ ಕೇಂದ್ರದ ಈ ಕಾನೂನಿನಿಂದ ಹೊರಗುಳಿದು ರಾಜ್ಯಗಳ ಅಬಕಾರಿ ಇಲಾಖೆಗಳ ಕೈಗೆ ಹೋಯಿತು. ಉತ್ತರ ಪ್ರದೇಶ, ರಾಜಸ್ಥಾನಗಳು ಪರವಾನಗಿ ಕೊಟ್ಟು ಅಂಗಡಿ ಇಡಿಸಿದವು. 2022ರ ಆಗಸ್ಟ್‌ನಲ್ಲಿ ನಮ್ಮ ಕರ್ನಾಟಕ ಹೈಕೋರ್ಟಿನ ಮುಂದೂ ಈ ಪ್ರಶ್ನೆ ಬಂತು. ಬೆಂಗಳೂರಿನಲ್ಲಿ ಸುಮಾರು 29 ಕಿಲೋ ಭಾಂಗ್ ಇಟ್ಟುಕೊಂಡಿದ್ದ ಆರೋಪದಲ್ಲಿ ಬಂಧಿತನಾದವನ ಜಾಮೀನು ಅರ್ಜಿ ಅದು. ಕಾಯ್ದೆಯಲ್ಲಿ ಭಾಂಗ್ ಎಂಬುದು ನಿಷೇಧಿತ ಪದಾರ್ಥವಾಗಿ ಎಲ್ಲೂ ಕಾಣುವುದಿಲ್ಲ, ಇದನ್ನು ಚರಸ್ ಅಥವಾ ಗಾಂಜಾದಿಂದ ಮಾಡಿದ್ದೆಂದು ತೋರಿಸುವ ಪ್ರಯೋಗಾಲಯದ ವರದಿಯೂ ಮುಂದಿಲ್ಲ ಎಂದು ಕೋರ್ಟು ಜಾಮೀನು ಕೊಟ್ಟಿತು. ಎರಡನೆಯ ಮಾತನ್ನು ಗಮನಿಸಿ. ಲೋಟದಲ್ಲಿರುವುದು ಎಲೆಯೋ ಅಂಟೋ ಎಂಬುದರ ಮೇಲೆ ಮನುಷ್ಯನ ಬಿಡುಗಡೆ ನಿಂತಿದೆ.

ಅಂಟಿನ ವಿಷಯಕ್ಕೆ ಬಂದರೆ ಕಾನೂನಿಗೆ ಸ್ವಲ್ಪವೂ ಸಲುಗೆಯಿಲ್ಲ. ಕಾಯ್ದೆಯ 10ನೇ ಕಲಂ ರಾಜ್ಯ ಸರ್ಕಾರಗಳಿಗೆ ಗಿಡ ಬೆಳೆಸಲು, ಗಾಂಜಾ ಉತ್ಪಾದಿಸಲು ಅನುಮತಿ ಕೊಡುವ ಅಧಿಕಾರ ನೀಡುತ್ತದೆ. ಅಲ್ಲಿಯೂ 'ಚರಸ್ ಹೊರತುಪಡಿಸಿ' ಎಂದೇ ಬರೆದಿದೆ. ತೂಕದ ಲೆಕ್ಕ 2001ರ ಅಧಿಸೂಚನೆಯಲ್ಲಿದೆ. ಗಾಂಜಾಕ್ಕೆ 'ಸಣ್ಣ ಪ್ರಮಾಣ' 1 ಕಿಲೋ, 'ವಾಣಿಜ್ಯ ಪ್ರಮಾಣ' 20 ಕಿಲೋ. ಚರಸ್ ಮತ್ತು ಅದರ ಸಾರಗಳಿಗೆ ಸಣ್ಣದು 100 ಗ್ರಾಂ, ವಾಣಿಜ್ಯ 1 ಕಿಲೋ. ಸಣ್ಣ ಪ್ರಮಾಣಕ್ಕೆ ಒಂದು ವರ್ಷದವರೆಗೆ ಕಠಿಣ ಸಜೆ, 10 ಸಾವಿರದವರೆಗೆ ದಂಡ. ನಡುವಿನದ್ದಕ್ಕೆ 10 ವರ್ಷದವರೆಗೆ. ವಾಣಿಜ್ಯಕ್ಕೆ ಕನಿಷ್ಠ 10, ಗರಿಷ್ಠ 20 ವರ್ಷ, ಜೊತೆಗೆ ಕನಿಷ್ಠ 1 ಲಕ್ಷ ದಂಡ. ಜಾಮೀನಿಗೂ 37ನೇ ಕಲಮಿನ ಕಟ್ಟುನಿಟ್ಟು ಷರತ್ತು.

'ಸಣ್ಣ ಪ್ರಮಾಣ' ಎಂಬ ಪದ ನೋಡಿ 'ಹಾಗಾದರೆ ಸ್ವಲ್ಪ ಇದ್ದರೆ ಪರವಾಗಿಲ್ಲ' ಎಂದು ತಿಳಿದವರು ಬಹಳ. ಒಂದು ಗ್ರಾಂ ಕೂಡ ಅಪರಾಧವೇ. ಎಫ್‌ಐಆರ್ ಆದರೆ ಪಾಸ್‌ಪೋರ್ಟಿಗೂ ಅದು ಅಡ್ಡ ಬರಬಹುದು, ಕಂಪನಿಯ ಬ್ಯಾಕ್‌ಗ್ರೌಂಡ್ ಚೆಕ್ಕಿಗೂ. ಇನ್ನೊಂದು ಮಾತು: ಬಚ್ಚಿಟ್ಟವನ ಮನಸ್ಸಿನಲ್ಲಿ ಅಪರಾಧದ ಅರಿವಿತ್ತು ಎಂದು ಈ ಕಾಯ್ದೆಯ 35ನೇ ಕಲಂ ಮೊದಲೇ ಊಹಿಸಿಕೊಳ್ಳುತ್ತದೆ. ಇರಲಿಲ್ಲ ಎಂದು ಸಾಬೀತು ಮಾಡುವ ಹೊಣೆ ಆರೋಪಿಯದು. 'ಫ್ರೆಂಡ್ ಬ್ಯಾಗು ಸಾರ್, ನನಗೆ ಗೊತ್ತಿರಲಿಲ್ಲ' ಎಂಬುದನ್ನು ಹೇಳುವುದು ಸುಲಭ, ಸಾಬೀತು ಮಾಡುವುದು ಕಷ್ಟ.

ತೂಕದಲ್ಲಿ ಇನ್ನೊಂದು ಸಿಕ್ಕು ಇದೆ. 2020ರ ಏಪ್ರಿಲ್‌ನಲ್ಲಿ ಹೀರಾ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಹೇಳಿತು: ಮಾದಕವಸ್ತುವನ್ನು ಬೇರೆ ಪದಾರ್ಥದೊಂದಿಗೆ ಬೆರೆಸಿದ್ದರೆ ಇಡೀ ಮಿಶ್ರಣದ ತೂಕವನ್ನೇ ಲೆಕ್ಕಕ್ಕೆ ಹಿಡಿಯಬೇಕು, ಒಳಗಿನ ಮಾದಕದ ತೂಕವನ್ನಷ್ಟೇ ಅಲ್ಲ. ಈ ತರ್ಕವನ್ನು ಹಿಡಿದು ಹೊರಟರೆ ಒಂದು ಗ್ರಾಂ ಚರಸ್ ಹಾಕಿ ಬೇಯಿಸಿದ 200 ಗ್ರಾಂ ಕೇಕು 200 ಗ್ರಾಂ ಆಗುತ್ತದೆ ಎಂದು ಪ್ರಾಸಿಕ್ಯೂಷನ್ ವಾದಿಸಬಹುದು. ಆಗ ಅದು 'ಸಣ್ಣ ಪ್ರಮಾಣ'ದ ಗೆರೆ ದಾಟಿತು. ಇನ್ನೊಂದು ಕಡೆ, 30 ಶೇಕಡ ಟಿಎಚ್‌ಸಿ ಇರುವ ಉಂಡೆಯೂ 90 ಶೇಕಡ ಇರುವ ಎಣ್ಣೆಯೂ ತಕ್ಕಡಿಯಲ್ಲಿ ಒಂದೇ. ಹೂವಿಗಿಂತ ಅಂಟು ಗಟ್ಟಿ ಎಂಬುದು ಕಾನೂನಿಗೆ ಗೊತ್ತು. ಅಂಟಿನಲ್ಲೂ ಎಷ್ಟು ಗಟ್ಟಿ ಎಂದು ಅದು ಕೇಳುವುದಿಲ್ಲ. ನನ್ನ ಮಟ್ಟಿಗೆ ಇದು ಈ ಕಾಯ್ದೆಯ ದೊಡ್ಡ ಕುಂದು. ಮೈಗೆ ಆಗುವ ಹಾನಿಗೂ ಸಿಗುವ ಶಿಕ್ಷೆಗೂ ಅಲ್ಲಿ ಹೊಂದಾಣಿಕೆಯಿಲ್ಲ.

ಅಷ್ಟು ಗಟ್ಟಿ ಎಣ್ಣೆ ಎಲ್ಲಿಂದ ಬಂತು ಎನ್ನುತ್ತೀರಾ? ಕೈಯಲ್ಲಿ ಉಜ್ಜುವುದು, ಜರಡಿ ಹಿಡಿಯುವುದು, ಹಿಮದ ನೀರಿನಲ್ಲಿ ಕದಡಿ ಸೋಸುವುದು, ಬಿಸಿ ಒತ್ತಡದಲ್ಲಿ ಹಿಂಡುವುದು ಇವೆಲ್ಲ ಒಂದು ಜಾತಿ. ಇವುಗಳಲ್ಲಿ ಬರೀ ದೈಹಿಕ ಕ್ರಿಯೆ ಇದೆ. ಇನ್ನೊಂದು ಜಾತಿಯಲ್ಲಿ ರಾಳವನ್ನು ದ್ರಾವಕವೊಂದರಲ್ಲಿ ಕರಗಿಸಿ, ಆಮೇಲೆ ದ್ರಾವಕವನ್ನು ಆರಿಸಿಬಿಡುತ್ತಾರೆ. ಔಷಧ ಕಾರ್ಖಾನೆಗಳಲ್ಲಿ ಆಲ್ಕೊಹಾಲ್ ಅಥವಾ ಒತ್ತಡದಲ್ಲಿಟ್ಟ ಕಾರ್ಬನ್ ಡೈಆಕ್ಸೈಡ್ ಬಳಸುತ್ತಾರೆ. ಕಾಫಿಬೀಜದಿಂದ ಕೆಫೀನ್ ತೆಗೆಯುವುದಕ್ಕೂ ಇದೇ ಕಾರ್ಬನ್ ಡೈಆಕ್ಸೈಡ್ ವಿಧಾನವಿದೆ. ಅಮೆರಿಕದಲ್ಲಿ ಮನೆಯ ಅಡುಗೆಕೋಣೆಗಳಲ್ಲೂ ಗ್ಯಾರೇಜುಗಳಲ್ಲೂ ಕೆಲವರು ಬ್ಯೂಟೇನ್ ಹಿಡಿದು ಕೂತರು. ಅದು ಲೈಟರಿನ ಗ್ಯಾಸು. ಗಾಳಿಗಿಂತ ಭಾರ, ನೆಲದ ಮೇಲೆ ನೀರಿನಂತೆ ಹರಡಿ ನಿಲ್ಲುತ್ತದೆ. ಫ್ರಿಜ್ಜಿನ ಸ್ವಿಚ್ಚು ಚಿಟ್ ಎಂದರೂ ಸಾಕು. ಸುಟ್ಟ ಗಾಯಗಳ ವಾರ್ಡುಗಳಿಗೆ ಇಂಥ ಪ್ರಕರಣಗಳು ಬರತೊಡಗಿದ ಮೇಲೆ ಅಲ್ಲಿಯ ಹಲವು ರಾಜ್ಯಗಳು ಮನೆಯಲ್ಲಿ ಇದನ್ನು ಮಾಡುವುದನ್ನು ನಿಷೇಧಿಸಿದವು; ಗಾಂಜಾ ಕಾನೂನುಬದ್ಧವಾದ ರಾಜ್ಯಗಳೂ ಅವುಗಳಲ್ಲಿದ್ದವು. ನಮ್ಮ ಪೀಜಿಗಳ ಕಿಟಕಿಯಿಲ್ಲದ ಅಡುಗೆಮನೆಗಳನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ.

ಬಲದ ವ್ಯತ್ಯಾಸ ನೋಡಿ. ಅಮೆರಿಕದಲ್ಲಿ ವಶಪಡಿಸಿಕೊಂಡ ಗಾಂಜಾದಲ್ಲಿ 1995ರಲ್ಲಿ ಟಿಎಚ್‌ಸಿ ಸರಾಸರಿ ಸುಮಾರು 4 ಶೇಕಡ, 2014ರಲ್ಲಿ ಸುಮಾರು 12. ಇಂದಿನ ಎಣ್ಣೆ, ಮೇಣಗಳಲ್ಲಿ 60ರಿಂದ 90. ನಮ್ಮ ತಾತಂದಿರ ಕಾಲದ ಚಿಲುಮೆಗೂ ಇದಕ್ಕೂ ಮಜ್ಜಿಗೆಗೂ ತುಪ್ಪಕ್ಕೂ ಇರುವಷ್ಟು ದೂರ. 2019ರಲ್ಲಿ ಲ್ಯಾನ್ಸೆಟ್ ಸೈಕಿಯಾಟ್ರಿ ಪತ್ರಿಕೆಯಲ್ಲಿ ಯುರೋಪಿನ ಹಲವು ನಗರಗಳ ಮತ್ತು ಬ್ರೆಜಿಲ್‌ನ ಒಂದು ಅಧ್ಯಯನ ಬಂತು. 10 ಶೇಕಡಕ್ಕಿಂತ ಹೆಚ್ಚು ಟಿಎಚ್‌ಸಿ ಇರುವ ಮಾಲನ್ನು ದಿನವೂ ಬಳಸುವವರಲ್ಲಿ ಮನೋವಿಕೃತಿ ಕಾಣಿಸಿಕೊಳ್ಳುವ ಸಂಭವ, ಎಂದೂ ಬಳಸದವರಿಗಿಂತ ಸುಮಾರು ಐದು ಪಟ್ಟು. ಇದು ನಂಟನ್ನು ತೋರಿಸುತ್ತದೆ, ಪ್ರತಿಯೊಬ್ಬನಿಗೂ ಹೀಗೇ ಆಗುತ್ತದೆ ಎನ್ನುವುದಿಲ್ಲ. ಮನೆತನದಲ್ಲಿ ಸ್ಕಿಜೋಫ್ರೇನಿಯಾ ಇದ್ದವರು, ಇಪ್ಪತ್ತರ ಆಸುಪಾಸಿನವರು ಹೆಚ್ಚು ಎಚ್ಚರ ವಹಿಸಬೇಕು ಎಂದು ವೈದ್ಯರು ಹೇಳುವುದು ಇದಕ್ಕೇ.

ವೇಪ್ ಕಾರ್ಟ್ರಿಡ್ಜಿನದು ಇನ್ನೊಂದು ಅಪಾಯ. 2019ರಲ್ಲಿ ಅಮೆರಿಕದಲ್ಲಿ ಆರೋಗ್ಯವಾಗಿದ್ದ ಹುಡುಗರು ಉಸಿರಾಡಲಾಗದೆ ಆಸ್ಪತ್ರೆ ಸೇರತೊಡಗಿದರು. 2020ರ ಫೆಬ್ರವರಿಯ ಹೊತ್ತಿಗೆ 2,807 ಪ್ರಕರಣ, 68 ಸಾವು. ಬಹುತೇಕ ಕಡೆ ಕಳ್ಳಪೇಟೆಯ ಟಿಎಚ್‌ಸಿ ಕಾರ್ಟ್ರಿಡ್ಜುಗಳು. ಎಣ್ಣೆ ದಪ್ಪವಾಗಿ ಕಾಣಲೆಂದು ಬೆರೆಸಿದ್ದ ವಿಟಮಿನ್ ಇ ಅಸಿಟೇಟ್ ಕಡೆಗೆ ಬಲವಾದ ಸಾಕ್ಷ್ಯ ಬೆರಳು ಮಾಡಿತು. ಕಸೋಲಿನ 'ಆರ್ಗಾನಿಕ್ ಆಯಿಲ್'ನಲ್ಲಿ ಏನಿದೆ ಎಂದು ಯಾವ ಪ್ರಯೋಗಾಲಯ ನೋಡಿದೆ? ಅಂದಹಾಗೆ ಭಾರತದಲ್ಲಿ 2019ರಿಂದ ಇ-ಸಿಗರೇಟಿನ ಮಾರಾಟ, ಆಮದು, ಜಾಹೀರಾತು ಎಲ್ಲವೂ ನಿಷಿದ್ಧ. ಒಳಗಿನ ಎಣ್ಣೆಯ ಮಾತು ಬಿಡಿ, ಆ ಸಾಧನವನ್ನು ಮಾರುವುದೇ ಅಪರಾಧ.

ಹಾಗಾದರೆ ಈ ಗಿಡದ ಸಾರವೆಲ್ಲ ವಿಷವೇ? ಹಾಗೆ ಹೇಳಿದರೆ ಅದೂ ಅರ್ಧಸತ್ಯ. ಪಾಶ್ಚಾತ್ಯ ವೈದ್ಯದೊಳಗೆ ಈ ಗಿಡ ಹೊಕ್ಕಿದ್ದು ನಮ್ಮ ಕಲ್ಕತ್ತೆಯಿಂದ. 1839ರಲ್ಲಿ ಅಲ್ಲಿಯ ಮೆಡಿಕಲ್ ಕಾಲೇಜಿನ ವೈದ್ಯ ಓಶಾನೆಸ್ಸಿ, ಗಾಂಜಾದ ರಾಳವನ್ನು ಆಲ್ಕೊಹಾಲಿನಲ್ಲಿ ಕರಗಿಸಿ ಧನುರ್ವಾಯು ರೋಗಿಗಳಿಗೆ, ಸೆಳವು ಬಂದ ಕೂಸಿಗೆ ಕೊಟ್ಟು ವರದಿ ಬರೆದ. ಆ ಟಿಂಕ್ಚರ್ ನೂರು ವರ್ಷ ಔಷಧದಂಗಡಿಗಳಲ್ಲಿತ್ತು. ಅಮೆರಿಕದ ಅಧಿಕೃತ ಔಷಧಕೋಶದಿಂದ ಅದನ್ನು ತೆಗೆದದ್ದು 1942ರಲ್ಲಿ. ಸೆಳವಿಗೆ ಅದು ನೆರವಾದೀತು ಎಂಬ ಹಳೆಯ ಊಹೆ ಸುಳ್ಳಾಗಲಿಲ್ಲ. ಮಕ್ಕಳ ಎರಡು ಕಠಿಣ ಅಪಸ್ಮಾರಗಳಿಗೆ ಶುದ್ಧ ಸಿಬಿಡಿಯ ಔಷಧಿಗೆ ಅಮೆರಿಕ 2018ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಆಯುರ್ವೇದದಲ್ಲಿ ಇದಕ್ಕೆ ವಿಜಯಾ ಎಂಬ ಹೆಸರು. ನಮ್ಮ ಔಷಧ ನಿಯಮಗಳ ಇ-1 ಅನುಸೂಚಿಯಲ್ಲಿ, ವೈದ್ಯರ ಮೇಲ್ವಿಚಾರಣೆಯಲ್ಲೇ ಬಳಸಬೇಕಾದ ವಿಷದ್ರವ್ಯಗಳ ಸಾಲಿನಲ್ಲಿ ಅದಿದೆ. 2020ರ ಫೆಬ್ರವರಿಯಲ್ಲಿ ಬೆಂಗಳೂರಿನ ಕೋರಮಂಗಲದಲ್ಲಿ ಇಂಥ ಔಷಧಿಗಳ ಕ್ಲಿನಿಕ್ ತೆರೆದಾಗ ದೇಶದಲ್ಲೇ ಮೊದಲನೆಯದೆಂದು ಸುದ್ದಿಯಾಯಿತು. ಎಲೆಯ ಸಾರ, ಚೀಟಿ ಬರೆಯುವ ವೈದ್ಯ, ಬಾಟಲಿಯ ಮೇಲೆ ಪ್ರಮಾಣ: ಇದು ಒಂದು ದಾರಿ. ಹಾಸ್ಟೆಲಿನ ಮೆಟ್ಟಿಲ ಮೇಲೆ ಹೆಸರಿಲ್ಲದವನು ಕೊಟ್ಟ ಕಾರ್ಟ್ರಿಡ್ಜ್ ಇನ್ನೊಂದು.

ಗುಡ್ಡಗಾಡಿನ ರೈತನ ಕಡೆಯ ಮಾತನ್ನೂ ಹೇಳಬೇಕು. ಉತ್ತರಾಖಂಡದ ಮನೆಗಳಲ್ಲಿ ಭಾಂಗ್ ಬೀಜದ ಚಟ್ನಿ ಮಾಡುತ್ತಾರೆ, ನಮ್ಮ ಹುಚ್ಚೆಳ್ಳು ಚಟ್ನಿಯ ತಂಗಿ ಎನ್ನಬಹುದು, ನಶೆಯ ಸುಳಿವಿಲ್ಲ. ಆ ರಾಜ್ಯ ಟಿಎಚ್‌ಸಿ 0.3 ಶೇಕಡದೊಳಗಿರುವ ನಾರಿನ ತಳಿಗೆ ಪರವಾನಗಿ ಕೊಡತೊಡಗಿತು. 2021ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಬೀಜ, ಬೀಜದ ಎಣ್ಣೆಗಳನ್ನು ಆಹಾರವೆಂದು ಮಾನ್ಯ ಮಾಡಿತು. ಹಿಮಾಚಲ ಸಂಪುಟ 2025ರ ಜನವರಿಯಲ್ಲಿ ಪಾಲಂಪುರ ಮತ್ತು ನೌಣಿ ವಿಶ್ವವಿದ್ಯಾಲಯಗಳಿಗೆ ಪ್ರಾಯೋಗಿಕ ಬೇಸಾಯದ ಅಧ್ಯಯನ ಒಪ್ಪಿಸಿತು. ಮಲಾಣಾದಲ್ಲಿ ದಿನವಿಡೀ ಅಂಗೈ ಉಜ್ಜುವವನಿಗೂ, ಕರ್ನಾಟಕದಲ್ಲಿ ಹತ್ತಿ, ತೊಗರಿ ಸಾಲಿನ ನಡುವೆ ನಾಲ್ಕು ಗಿಡ ಹಾಕಿ ಸಿಕ್ಕಿಬೀಳುವ ರೈತನಿಗೂ ಒಂದೇ ಕಾಯ್ದೆ. ಗಿಡ ಬೆಳೆದದ್ದಕ್ಕೂ 10 ವರ್ಷದವರೆಗೆ ಸಜೆಯಿದೆ. ಯಾದಗಿರಿಯ ತಿಂಥಣಿ ಮೌನೇಶ್ವರನ ಜಾತ್ರೆಯಲ್ಲಿ ಗಾಂಜಾವನ್ನು ಪ್ರಸಾದವೆಂದು ಕಾಣುವ ನಂಬಿಕೆಯ ಬಗ್ಗೆ ಪತ್ರಿಕೆಗಳು 2020ರಲ್ಲಿ ಬರೆದಿದ್ದವು. ಕಾನೂನಿನ ವ್ಯಾಖ್ಯೆಯಲ್ಲಿ ಆ ನಂಬಿಕೆಗೆ ಜಾಗವಿಲ್ಲ. ನಿಯಮ ಸಡಿಲಿಸಬೇಕೆ ಎಂಬ ಚರ್ಚೆ ಆಗಲಿ, ಆಗಲೇಬೇಕು. ಚರ್ಚೆ ಮುಗಿಯುವವರೆಗೆ ಇಂದಿನ ಕಾನೂನೇ ಕಾನೂನು.

ನಮ್ಮ ಓದುಗರಲ್ಲಿ ಬಹಳ ಮಂದಿಗೆ ಹೊರದೇಶದ ನೆಂಟರಿದ್ದಾರೆ. ಕ್ಯಾಲಿಫೋರ್ನಿಯಾದಲ್ಲಿ 2018ರಿಂದ, ಕೆನಡಾದಲ್ಲಿ ಅದೇ ವರ್ಷದ ಅಕ್ಟೋಬರ್‌ನಿಂದ ವಯಸ್ಕರಿಗೆ ಗಾಂಜಾ ಅಂಗಡಿಯಲ್ಲಿ ಸಿಗುತ್ತದೆ. ಕೆನಡಾ ಕೂಡ ಗಟ್ಟಿ ಸಾರ ಮತ್ತು ತಿಂಡಿಗಳ ಮಾರಾಟಕ್ಕೆ ಇನ್ನೊಂದು ವರ್ಷ ಕಾಯಿಸಿತು ಎಂಬುದನ್ನು ಗಮನಿಸಿ. 'ನಿದ್ದೆಗೆ ಒಳ್ಳೇದು ಅಂತ ತಂದೆ' ಎಂದು ಅಲ್ಲಿಂದ ಗಮ್ಮಿ ಡಬ್ಬಿ ಹಿಡಿದು ಬರುವ ಭಾವನೆಂಟರಿಗೆ ಮೊದಲೇ ಫೋನು ಮಾಡಿ ಹೇಳಿಬಿಡಿ. ಟಿಎಚ್‌ಸಿ ಇರುವ ಗಮ್ಮಿಯೊಂದಿಗೆ ಇಂದಿರಾಗಾಂಧಿ ವಿಮಾನ ನಿಲ್ದಾಣದಲ್ಲಿಳಿದರೆ ಅದು ಮಾದಕವಸ್ತುವಿನ ಆಮದು. ಬಿಲ್ಲು ತೋರಿಸಿದರೆ ಕಸ್ಟಮ್ಸಿನವರು ಬಿಡುವುದಿಲ್ಲ. ತಿನ್ನುವ ರೂಪದಲ್ಲಿ ಇನ್ನೊಂದು ಗೋಳಿದೆ. ನಶೆ ಏರಲು ಅರ್ಧ ಗಂಟೆಯಿಂದ ಎರಡು ಗಂಟೆ ಬೇಕು. 'ಏನೂ ಆಗ್ಲಿಲ್ಲ' ಎಂದು ಇನ್ನೊಂದು ಬಾಯಿಗೆ ಹಾಕಿಕೊಂಡವರು ಆಮೇಲೆ ಎದೆ ಹಿಡಿದುಕೊಂಡು ಎಮರ್ಜೆನ್ಸಿಗೆ ಓಡುತ್ತಾರೆ. ಹೋಳಿಯ ಭಾಂಗಿಗೂ ಇದೇ ಮಾತು. ಮಕ್ಕಳ ಕೈಗೆ ಸಿಗುವಂತೆ ಇವನ್ನು ಇಡುವುದಂತೂ ಘೋರ.

ಕೊನೆಯದಾಗಿ ಲೆಕ್ಕವೊಂದು, ವಿಳಾಸವೊಂದು. ದೆಹಲಿ ಏಮ್ಸ್‌ನ ರಾಷ್ಟ್ರೀಯ ಮಾದಕವಸ್ತು ಅವಲಂಬನೆ ಚಿಕಿತ್ಸಾ ಕೇಂದ್ರ ನಮ್ಮ ಪಕ್ಕದ ಗಾಜಿಯಾಬಾದಿನಲ್ಲಿದೆ. ಅದು ನಡೆಸಿದ ದೇಶದ ಸಮೀಕ್ಷೆಯ ವರದಿ 2019ರಲ್ಲಿ ಬಂತು. ಒಂದು ವರ್ಷದಲ್ಲಿ ಈ ಗಿಡದ ಯಾವುದಾದರೂ ರೂಪ ಬಳಸಿದವರು ಸುಮಾರು 3.1 ಕೋಟಿ. ಭಾಂಗ್ ಬಳಸಿದವರು 2.2 ಕೋಟಿ, ಗಾಂಜಾ ಮತ್ತು ಚರಸ್ ಬಳಸಿದವರು 1.3 ಕೋಟಿ. ಸಮಸ್ಯೆಗೆ ಸಿಕ್ಕಿ ನೆರವು ಬೇಕಾದವರು ಸುಮಾರು 72 ಲಕ್ಷ. ಬಳಸುವವರ ಸಂಖ್ಯೆ ಭಾಂಗಿನಲ್ಲಿ ಹೆಚ್ಚು. ಬಿಡಲಾರದೆ ಒದ್ದಾಡುವವರ ಪಾಲು ಗಾಂಜಾ, ಚರಸ್ಸಿನಲ್ಲಿ ಹೆಚ್ಚು. ಎಲೆಗೂ ಅಂಟಿಗೂ ಇರುವ ವ್ಯತ್ಯಾಸ ಇಲ್ಲೂ ಕಾಣುತ್ತದೆ.

ನಿಮ್ಮ ಮಗನೋ ತಂಗಿಯೋ ರೂಮ್‌ಮೇಟೋ ಇದರಲ್ಲಿ ಸಿಕ್ಕಿಕೊಂಡಿದ್ದರೆ ಗಾಜಿಯಾಬಾದಿನ ಆ ಕೇಂದ್ರಕ್ಕೆ ಹೋಗಬಹುದು. ಬೆಂಗಳೂರಿನವರಿಗೆ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗವಿದೆ. ಉಚಿತ ಸಹಾಯವಾಣಿ 14446. ಕಾಯ್ದೆಯ 64ಎ ಕಲಂ, ವ್ಯಸನಿ ತಾನಾಗಿ ಸರ್ಕಾರದ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆಗೆ ಬಂದರೆ, ಸೇವನೆ ಮತ್ತು ಸಣ್ಣ ಪ್ರಮಾಣದ ಅಪರಾಧಗಳಲ್ಲಿ ವಿಚಾರಣೆಯಿಂದ ರಕ್ಷಣೆ ಕೊಡುತ್ತದೆ. ಚಿಕಿತ್ಸೆಯನ್ನು ಪೂರ್ತಿ ಮಾಡಬೇಕು ಎಂಬುದೊಂದೇ ಷರತ್ತು. ಈ ಕಲಂ ಇದೆ ಎಂಬುದೇ ಬಹಳ ಮನೆಗಳಿಗೆ ಗೊತ್ತಿಲ್ಲ. 'ಪೊಲೀಸರಿಗೆ ಗೊತ್ತಾದರೆ' ಎಂಬ ಹೆದರಿಕೆಯಲ್ಲಿ ವೈದ್ಯರ ಬಳಿಗೂ ಹೋಗದೆ ವರ್ಷ ಕಳೆಯುತ್ತಾರೆ. ಈ ಅಂಕಣದಿಂದ ಒಂದೇ ಒಂದು ಸಾಲು ನಿಮ್ಮ ಮನೆಯ ವಾಟ್ಸಾಪ್ ಗುಂಪಿಗೆ ಹೋಗುವುದಾದರೆ ಅದು ಈ 64ಎ ಆಗಲಿ.

ಬೈಯುವುದಕ್ಕೆ ಮೊದಲು ಕೇಳಿ. 'ಎಷ್ಟು ದಿನದಿಂದ, ಯಾವುದು, ಎಲೆಯೋ ಹೂವೋ ಎಣ್ಣೆಯೋ' ಎಂದು ಕೇಳಬಲ್ಲ ಅಪ್ಪನ ಮುಂದೆ ಮಕ್ಕಳು ಬಾಯಿ ಬಿಡುತ್ತಾರೆ. 'ನಮ್ಮ ಮರ್ಯಾದೆ' ಎಂದು ಶುರು ಮಾಡುವ ಅಪ್ಪನ ಮುಂದೆ ಅವರು ಮುಂದಿನ ಶುಕ್ರವಾರದ ಬಸ್ಸಿನ ಬಗ್ಗೆಯೂ ಸುಳ್ಳು ಹೇಳುತ್ತಾರೆ.